ಇದ್ದೀನಿ, ಹೇಳು

ಮಗನಿಗೆ ಆಗ ಎರಡೂವರೆ ವರ್ಷ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಬೇಕು ಅಂತ ಹಟ. ಮೇಲಿನ ಗುಂಡಿಯನ್ನು ಹಿಡಿದು ಕೆಳಗಿನ ಕಾಜಾದೊಳಗೆ ತೂರಿಸಲು ನೋಡುತ್ತಿದ್ದ. ಎರಡು ಸಲ ತಿದ್ದಿದೆ. ಮೂರನೇ ಸಲ ಅವನ ಕೈಯನ್ನು ಜೋರಾಗಿ ಎಳೆದು ಕೂಗಿಬಿಟ್ಟೆ. ಅವನು ಅಳಲಿಲ್ಲ. ಆ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನೆಲ ನೋಡುತ್ತಾ ನಿಂತುಬಿಟ್ಟ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದೆನೇನೋ. ಆ ಸುಮ್ಮನಿರುವಿಕೆಗೆ ಏನು ಮಾಡಬೇಕು ಅಂತ ನನಗೆ ತೋಚಲಿಲ್ಲ.

ಒಳಗಡೆ ಎರಡು ತಿಂಗಳ ಮಗಳು ಮಲಗಿದ್ದಳು. ಹುಟ್ಟಿದ ಹೊಸದರಲ್ಲಿ ಮಕ್ಕಳು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತವೆ ಅನ್ನುತ್ತಾರೆ, ನಿಜ. ಆದರೆ ಅದೆಲ್ಲ ಎರಡು ಗಂಟೆ, ಮೂರು ಗಂಟೆಯ ತುಂಡು ತುಂಡು ನಿದ್ದೆ. ಮಗುವಿಗೆ ಅದು ಸಾಕಾಗುತ್ತದೆ, ತಾಯಿಗೆ ಸಾಲುವುದಿಲ್ಲ. ನನ್ನ ಸಿಟ್ಟಿನಲ್ಲಿ ಅರ್ಧದಷ್ಟು ನಿದ್ದೆಗೆಟ್ಟ ಸಿಟ್ಟೇ ಆಗಿತ್ತು. ಉಳಿದರ್ಧ ಎಲ್ಲಿಂದ ಬಂತು ಅಂತ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮನೆಯಲ್ಲಿ ಜನ ಇರಲಿಲ್ಲ ಅಂತಲ್ಲ. ಗಂಡನಿಗೆ ಹೇಳಿದರೆ, "ನಾನು ಮಕ್ಕಳನ್ನ ನೋಡ್ಕೋತೀನಿ, ನೀನು ಸ್ವಲ್ಪ ಮಲಗು" ಅನ್ನುತ್ತಿದ್ದರು. ಅಮ್ಮನಿಗೆ ಹೇಳಿದರೆ, "ನಾವೂ ಮಕ್ಕಳನ್ನ ಸಾಕಿಲ್ವೇನೇ?" ಇಬ್ಬರದ್ದೂ ಪ್ರೀತಿಯ ಮಾತೇ. ಆದರೆ ಆ ಮಾತು ಬಂದ ಕೂಡಲೇ ನನ್ನ ಮಾತು ಮುಗಿಯುತ್ತಿತ್ತು. ನಾನು ಹೇಳಬೇಕಿದ್ದದ್ದು ಇನ್ನೂ ಶುರುವೇ ಆಗಿರುತ್ತಿರಲಿಲ್ಲ.

ಗುಂಡಿಯ ಘಟನೆ ನಡೆದ ರಾತ್ರಿ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವಳಿಗೂ ಐದು ತಿಂಗಳ ಮಗು. ಅದು ಇದು ಮಾತಾಡುತ್ತಾ ಈ ವಿಷಯ ಬಾಯಿಗೆ ಬಂತು. ಹೇಳುತ್ತಾ ಹೋದೆ. ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ ಆಯಿತೇನೋ ಅಂತ "ಇದ್ದೀಯಾ?" ಅಂದೆ. "ಇದ್ದೀನಿ, ಹೇಳು" ಅಂದಳು. ಅಷ್ಟೇ. ಆಮೇಲೆ ಇನ್ನೂ ಒಂದು ಕಾಲು ಗಂಟೆ ಮಾತಾಡಿದೆ. ನನಗೇ ಗೊತ್ತಿಲ್ಲದ ಮಾತುಗಳು ಬಂದವು. ಮಗಳು ಬಂದ ಮೇಲೆ ಮಗನ ಮೇಲೆ ನನಗೆ ಒಂಥರಾ ಬೇಸರ ಇದೆ, ಅವನು ಬೇಗ ದೊಡ್ಡವನಾಗಿಬಿಡಲಿ ಅನ್ನಿಸುತ್ತಿದೆ ಅಂತ ನಾನು ಮೊದಲು ಒಪ್ಪಿಕೊಂಡದ್ದು ಆ ಫೋನಿನಲ್ಲೇ.

ಅಲ್ಲಿಂದ ನಾವು ಇದನ್ನು ಒಂದು ಕ್ರಮ ಮಾಡಿಕೊಂಡೆವು. ವಾರಕ್ಕೊಂದು ಫೋನ್. ಇಬ್ಬರಿಗೂ ತಲಾ 20 ನಿಮಿಷ, ಟೈಮರ್ ಇಟ್ಟುಕೊಂಡು. ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಸಲಹೆ ಕೊಡುವಂತಿಲ್ಲ, "ನನಗೂ ಹಾಗೇ ಆಗಿತ್ತು" ಅಂತ ತನ್ನ ಕಥೆ ತೆಗೆಯುವಂತಿಲ್ಲ. "ಇದ್ದೀನಿ, ಹೇಳು" ಅನ್ನಬಹುದು, "ಆಮೇಲೆ?" ಅನ್ನಬಹುದು. ಸಲಹೆ ಬೇಕಿದ್ದರೆ ಮಾತಾಡುವವಳೇ ಕೇಳಬೇಕು. ಮಗು ಎದ್ದರೆ ಫೋನ್ ಇಡುವುದು, ಕ್ಷಮೆ ಕೇಳುವ ಅಗತ್ಯ ಇಲ್ಲ. ಟೈಮರ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಇವತ್ತಿಗೂ ನಾನು ಅದನ್ನೇ ಮುಖ್ಯ ಅನ್ನುತ್ತೇನೆ. ಅದು ಇಲ್ಲದಿದ್ದರೆ ಹೆಚ್ಚು ಕಷ್ಟದಲ್ಲಿರುವವಳೇ ಪ್ರತಿ ಸಲ ಮಾತಾಡುತ್ತಾಳೆ, ಇನ್ನೊಬ್ಬಳು ನಿಧಾನಕ್ಕೆ ಫೋನ್ ಎತ್ತುವುದನ್ನೇ ಬಿಡುತ್ತಾಳೆ.

ಮಾತಾಡುವುದು ಸುಲಭವಾಯಿತು. ಕೇಳಿಸಿಕೊಳ್ಳುವುದೇ ನನಗೆ ಕಷ್ಟವಾದದ್ದು. ನಾಲ್ಕನೇ ವಾರ ಅವಳು ಹೇಳಿದಳು: "ಮಗು ನಕ್ಕರೆ ನನಗೆ ಏನೂ ಅನ್ನಿಸಲ್ಲ ಕಣೇ. ಬೇರೆ ಯಾರದ್ದೋ ಮಗು ನೋಡ್ಕೊಂಡ ಹಾಗಿದೆ." ನನಗೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ, "ಅಯ್ಯೋ, ಎಲ್ಲರಿಗೂ ಹಾಗೇ ಆಗತ್ತೆ, ಸರಿಹೋಗತ್ತೆ ಬಿಡು" ಅಂದುಬಿಟ್ಟೆ. ಅವಳು "ಹೂಂ" ಅಂದಳು. ಮುಂದಿನ ಎರಡು ವಾರ ಫೋನ್ ಇಲ್ಲ. ನನ್ನ ಮಾತು ಮುಚ್ಚಿಹೋಗಲು ಮನೆಯವರು ಏನು ಮಾಡುತ್ತಿದ್ದರೋ ಅದನ್ನೇ ನಾನು ಅವಳಿಗೆ ಮಾಡಿದ್ದೆ.

ಇನ್ನೂ ದೊಡ್ಡ ವಿಷಯವೆಂದರೆ ನನ್ನ ಮಾತು ತಪ್ಪೂ ಆಗಿತ್ತು. ಹೆರಿಗೆಯಾದ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಏರುಪೇರಾಗುವುದು ಹೆಚ್ಚಿನ ತಾಯಂದಿರಿಗೆ ಆಗುತ್ತದೆ. ಅದು ಸುಮಾರು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಮಂಕು ಹೋಗದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಅದು ಬೇರೆಯೇ ಇರಬಹುದು. ಹೆರಿಗೆ ನಂತರದ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ತಲೆಯೆತ್ತಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರಿಗೆಯಾದ ಹೆಂಗಸರಲ್ಲಿ ಸುಮಾರು ನೂರಕ್ಕೆ 13 ಜನರಿಗೆ ಮಾನಸಿಕ ತೊಂದರೆ ಬರುತ್ತದೆ, ಅದರಲ್ಲಿ ಖಿನ್ನತೆಯೇ ಮುಖ್ಯ. ಅಂದರೆ ಅಪರೂಪವೂ ಅಲ್ಲ, ಎಲ್ಲರಿಗೂ ಆಗುವುದೂ ಅಲ್ಲ.

ಮೂರನೇ ವಾರ ನಾನೇ ಫೋನ್ ಮಾಡಿದೆ. "ಅವತ್ತು ನಿನ್ನ ಮಾತಿನ ಮೇಲೆ ಮುಚ್ಚಳ ಹಾಕಿಬಿಟ್ಟೆ. ತಪ್ಪಾಯ್ತು. ಇವತ್ತು ಪೂರ್ತಿ 40 ನಿಮಿಷ ನಿಂದು" ಅಂದೆ. ಕೊನೆಗೆ ಅವಳೇ "ಏನು ಮಾಡ್ಲಿ ಹೇಳು" ಅಂತ ಕೇಳಿದಳು. ಡಾಕ್ಟರ್ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಅಂದೆ. ಅಲ್ಲಿ ಅವಳಿಗೆ ಎಡಿನ್‌ಬರೋ ಪ್ರಶ್ನಾವಳಿ ಕೊಟ್ಟರು. 1987ರಲ್ಲಿ ತಯಾರಾದದ್ದು, 10 ಪ್ರಶ್ನೆ, ಹಿಂದಿನ ಏಳು ದಿನ ಹೇಗನ್ನಿಸಿತು ಅಂತ ಕೇಳುತ್ತದೆ, ಒಟ್ಟು ಅಂಕ 30. ಬರೀ ಅದರಿಂದ ಕಾಯಿಲೆ ಅಂತ ತೀರ್ಮಾನ ಮಾಡುವುದಿಲ್ಲ, ಇನ್ನೂ ವಿಚಾರಿಸಬೇಕಾ ಅಂತ ತಿಳಿಯಲು ಅದು. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅವಳ ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತು. ಪಕ್ಕದಲ್ಲಿ ಕೂತ ನಾನು ಗೋಡೆ ನೋಡುತ್ತಿದ್ದೆ. ಏನಾದರೂ ಹೇಳಬೇಕು ಅಂತ ಗಂಟಲವರೆಗೆ ಬಂದಿತ್ತು. ಹೇಳಲಿಲ್ಲ.

ಆಪ್ತ ಸಮಾಲೋಚನೆ ಶುರುವಾಯಿತು, ಔಷಧಿಯೂ. ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ಯಾವುದು ಅನ್ನುವುದನ್ನು ಡಾಕ್ಟರೇ ನೋಡಿ ಹೇಳಬೇಕು. ತಿಂಗಳುಗಟ್ಟಲೆ ಹಿಡಿಯಿತು. ಅವಳು ಚೇತರಿಸಿಕೊಂಡಳು. ಗೆಳತಿಯ ಫೋನ್ ಚಿಕಿತ್ಸೆಯ ಜಾಗ ತುಂಬುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಸಾಯುವ ಯೋಚನೆ ಬಂದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ, ಇಲ್ಲದ್ದು ಕಂಡರೆ ಕೇಳಿಸಿದರೆ, ವಾರದ ಫೋನ್‌ಗೆ ಕಾಯಬಾರದು. ಅವತ್ತೇ, ಆಗಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಮಗನ ವಿಷಯ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ತಾಯಿ ಮತ್ತು ಹಸುಗೂಸುಗಳನ್ನು ವರ್ಷಗಟ್ಟಲೆ ಗಮನಿಸಿದವರು. ಚೆನ್ನಾಗಿ ಹೊಂದಿಕೊಂಡಿರುವ ತಾಯಿ ಮಗು ಕೂಡ ಒಬ್ಬರಿಗೊಬ್ಬರು ತಾಳ ಕೂಡಿಸಿಕೊಂಡಿರುವುದು ನೂರಕ್ಕೆ ಸುಮಾರು 30 ಪಾಲು ಹೊತ್ತು ಮಾತ್ರ ಅಂತ ಅವರು ಹೇಳುತ್ತಾರೆ. ಮಿಕ್ಕದ್ದೆಲ್ಲ ತಾಳ ತಪ್ಪುವುದು, ಮತ್ತೆ ಸರಿಮಾಡಿಕೊಳ್ಳುವುದು. ಇದನ್ನು ಓದಿದ ದಿನ ನನಗಾದ ಹಗುರ ಅಷ್ಟಿಷ್ಟಲ್ಲ. ತಪ್ಪದ ಹಾಗೆ ಇರಬೇಕು ಅಂತ ಹೆಣಗುವುದು ಬಿಟ್ಟು, ತಪ್ಪಿದ ಮೇಲೆ ಏನು ಮಾಡಬೇಕು ಅಂತ ಕಲಿಯಲು ಶುರು ಮಾಡಿದೆ.

ಈಗ ಕೂಗಿದರೆ ಮೊದಲು ನಾನು ತಣ್ಣಗಾಗುತ್ತೇನೆ. ಆಮೇಲೆ ಅವನ ಎತ್ತರಕ್ಕೆ ಕೂರುತ್ತೇನೆ. "ಅಮ್ಮ ಜೋರಾಗಿ ಕೂಗಿದಳು. ಅದು ತಪ್ಪು. ನಿನಗೆ ಹೆದರಿಕೆ ಆಯ್ತಾ?" ಇಷ್ಟೇ ಮಾತು. ಮೊದಮೊದಲು ನಾನು "ಆದರೆ ನೀನೂ ಹಟ ಮಾಡಿದೆ ಅಲ್ವಾ" ಅಂತ ಬಾಲ ಸೇರಿಸುತ್ತಿದ್ದೆ. ಅವನ ಮುಖ ಮತ್ತೆ ನೆಲಕ್ಕೆ ಇಳಿಯುತ್ತಿತ್ತು. ಆ ಬಾಲ ಕತ್ತರಿಸಲು ನನಗೆ ತಿಂಗಳುಗಳೇ ಬೇಕಾದವು. ಒಂದು ಸಲ ಅವನು ಉತ್ತರ ಕೊಡದೆ ನನ್ನ ಕುತ್ತಿಗೆಯ ಹತ್ತಿರದ ಗುಂಡಿ ಹಿಡಿದುಕೊಂಡು ತಿರುಗಿಸುತ್ತಾ ನಿಂತ. ನಾನೂ ಸುಮ್ನೆ ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ "ಕಿವಿ ನೋವಾಯ್ತು" ಅಂದ.

ಹೋದ ತಿಂಗಳು ಅಮ್ಮ ಮತ್ತೆ ಅದೇ ಮಾತು ಅಂದಳು, "ನಾವೂ ಸಾಕಿಲ್ವೇನೇ?" ಹಿಂದಾಗಿದ್ದರೆ ಸಿಡುಕುತ್ತಿದ್ದೆ. ಈ ಸಲ, "ನಿನಗೆ ಹೇಗಿತ್ತಮ್ಮಾ ಆಗ?" ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೂತೆ. ಅಮ್ಮ ಮಡಚುತ್ತಿದ್ದ ಬಟ್ಟೆ ಹಾಗೇ ಮಡಿಲಲ್ಲಿ ಇಟ್ಟುಕೊಂಡಳು. ನಾನು ಹುಟ್ಟಿದ ಮೇಲೆ ಎಷ್ಟೋ ರಾತ್ರಿ ನನ್ನನ್ನು ತೊಟ್ಟಿಲಲ್ಲಿ ಬಿಟ್ಟು ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದಳಂತೆ, ನನ್ನ ಅಳು ಕೇಳಿಸದಷ್ಟು ದೂರ. ಯಾರಾದರೂ ನೋಡಿಬಿಡುತ್ತಾರೆ ಅನ್ನುವ ಭಯಕ್ಕೆ ಮತ್ತೆ ಒಳಗೆ ಓಡಿ ಬರುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ನಿಲ್ಲಿಸಿ ನನ್ನ ಕಡೆ ನೋಡಿದಳು.

"ಇದ್ದೀನಿ, ಹೇಳು" ಅಂದೆ.

ಅವತ್ತು ಟೈಮರ್ ಇಡಲಿಲ್ಲ.