ಕಿಜಾಬೆಗೆ ಮಗುವನ್ನು ಬಿಡಲು ಹೋಗುವ ಮೊದಲು

ಹೋದ ಭಾನುವಾರ ಮಂಗಳೂರಿನ ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ಆರಾಧನೆ ಮುಗಿಸಿ ಹೊರಗೆ ಬರುತ್ತಿದ್ದೆ. ಉಡುಪಿ ಕಡೆಯ ಗಂಡ ಹೆಂಡತಿ ಇಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರಿಗೆ ಕೆನ್ಯಾದ ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಆಗಿದೆ. ಆಗಸ್ಟ್‌ನಲ್ಲಿ ಹೊರಡುತ್ತಾರೆ. ಹನ್ನೊಂದು ವರ್ಷದ ಮಗನನ್ನು ಕಿಜಾಬೆಯ ಬೋರ್ಡಿಂಗ್ ಶಾಲೆಗೆ ಹಾಕಬೇಕು. "ಅಕ್ಕಾ, ಏನೇನು ಕೊಂಡುಹೋಗಬೇಕು ಅಂತ ಒಂದು ಪಟ್ಟಿ ಮಾಡಿಕೊಡಿ" ಅಂದರು.

ಪಟ್ಟಿಯನ್ನು ಶಾಲೆಯೇ ಕಳಿಸುತ್ತದೆ. ಅದರಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ. ನಮ್ಮ ಮನೆ ಕಿಸುಮುವಿನಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ. ಮಗಳು ಆರು ವರ್ಷ ಬೋರ್ಡಿಂಗ್‌ನಲ್ಲಿದ್ದಳು. ನಾವು ಮಾಡಿದ ತಪ್ಪುಗಳನ್ನು ನೀವು ಮತ್ತೆ ಮಾಡುವುದು ಬೇಡ.

ಮೊದಲು ಚಳಿಯ ವಿಷಯ. ಆಫ್ರಿಕಾ, ಅದರಲ್ಲೂ ಭೂಮಧ್ಯರೇಖೆ ಅಂದಕೂಡಲೇ ನಾವು ಹತ್ತಿ ಬಟ್ಟೆ ತುಂಬಿಸುತ್ತೇವೆ, ಅಲ್ವಾ? ಕಿಜಾಬೆ ಇರುವುದು ರಿಫ್ಟ್ ಕಣಿವೆಯ ಅಂಚಿನಲ್ಲಿ, 7,000 ಅಡಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಆ ಹೆಸರಿಗೇ ಮಾಸಾಯ್ ಭಾಷೆಯಲ್ಲಿ ಗಾಳಿಯ ಜಾಗ ಅಂತ ಅರ್ಥ. ಜುಲೈ ತಿಂಗಳಲ್ಲಿ ಮಂಜು ಕವಿದರೆ ಮಧ್ಯಾಹ್ನವೂ ಸ್ವೆಟರ್ ತೆಗೆಯಲು ಮನಸ್ಸಾಗುವುದಿಲ್ಲ. ಹಾಗಂತ ಹಂಪನಕಟ್ಟೆಯಲ್ಲಿ ಸ್ವೆಟರ್ ಹುಡುಕುತ್ತಾ ಬೆವರಬೇಡಿ. ನೈರೋಬಿಯ ಗಿಕೊಂಬಾ ಸಂತೆಯಲ್ಲಿ ಮಿತುಂಬಾ, ಅಂದರೆ ಹೊರದೇಶದಿಂದ ಬರುವ ಹಳೇ ಬಟ್ಟೆ, ರಾಶಿ ಹಾಕಿರುತ್ತಾರೆ. ಒಳ್ಳೇ ಉಣ್ಣೆಯದ್ದೇ ಸಿಗುತ್ತದೆ. ಬಿಸಿನೀರಲ್ಲಿ ಎರಡು ಸಲ ಒಗೆದು, ಇಸ್ತ್ರಿ ಹಾಕಿ ಕೊಡಿ.

ಬಟ್ಟೆಗೆಲ್ಲ ಹೆಸರಿನ ಚೀಟಿ ಹೊಲಿಯಬೇಕು. ಕಾಲುಚೀಲವನ್ನೂ ಬಿಡುವ ಹಾಗಿಲ್ಲ. ನನ್ನ ಅಮ್ಮ ಕಂಕನಾಡಿಯ ಮನೆಯಲ್ಲಿ ಕೂತು, ಇಂಗ್ಲಿಷ್ ಚೀಟಿಯ ಪಕ್ಕದಲ್ಲಿ ಕೆಂಪು ದಾರದಿಂದ ಒಂದೊಂದು 'ಸ' ಹೊಲಿದರು. ನಲವತ್ತಕ್ಕೂ ಜಾಸ್ತಿ. ಆಗ ನಾನು ನಕ್ಕಿದ್ದೆ. ಆಮೇಲೆ ನೋಡಿದರೆ ಒಗೆದು ಬಂದ ರಾಶಿಯಲ್ಲಿ ಮಗಳು ಹುಡುಕುತ್ತಿದ್ದದ್ದು ಅದನ್ನೇ. ರೂಮಿನ ಕೊರಿಯಾದ ಹುಡುಗಿ ಅದನ್ನು ಬಸವನಹುಳು ಅಂದುಕೊಂಡಿದ್ದಳಂತೆ.

ತಿಂಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಕ್ಕುಲಿ, ಚಟ್ನಿಪುಡಿ, ಬಿಗಿ ಮುಚ್ಚಳದ ಡಬ್ಬ. ಅಲ್ಲಿ ಕೋತಿಗಳ ಕಾಟ ಉಂಟು, ಕಿಟಕಿ ಹತ್ತಿರ ಏನೂ ಇಡಬಾರದು. ಕುಚ್ಚಲಕ್ಕಿ ಗಂಜಿ ಇಲ್ಲದೆ ಮಗು ಸೊರಗುತ್ತದೆ ಅಂತ ಅಜ್ಜಿಯರು ಅಳುತ್ತಾರೆ. ಸೊರಗುವುದಿಲ್ಲ. ಚಪಾತಿಗೆ ಅಲ್ಲೂ ಚಪಾತಿ, ಚಾಯಿಗೆ ಚಾಯಿ, ಗಾಡಿಗೆ ಗಾರಿ. ಅಲ್ಲಿನವರು ವಿಂಬಿ ಅನ್ನುವುದು ನಮ್ಮ ರಾಗಿಯೇ. ಅದರ ಉಜಿ ಕುಡಿದು ಮಗಳು "ಅಮ್ಮಾ, ಅಂಬಲಿ!" ಅಂದಿದ್ದಳು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಬಿಟ್ಟು ಬರುವ ದಿನ.

ಮೊದಲ ಸಲ ನಾವು ಕಳ್ಳರ ಹಾಗೆ ಹೊರಟೆವು. ಮಗಳು ಹೊಸ ಗೆಳತಿಯ ಜೊತೆ ಆಟಕ್ಕೆ ಹೋಗಿದ್ದಳು. ಅಳುವುದು ತಪ್ಪುತ್ತದಲ್ಲ ಅಂತ ಸದ್ದಿಲ್ಲದೆ ಕಾರು ಹತ್ತಿದೆವು. ನಕುರು ದಾಟುವ ಮೊದಲೇ ಡಾರ್ಮ್ ಆಂಟಿಯ ಫೋನ್ ಬಂತು. ಅವಳು ಗೇಟಿನ ಹತ್ತಿರ ನಿಂತಿದ್ದಾಳೆ, ಒಳಗೆ ಬರುವುದಿಲ್ಲ ಅನ್ನುತ್ತಿದ್ದಾಳೆ ಅಂತ. ಆಮೇಲೆ ಎರಡು ವರ್ಷ, ರಜೆಯಲ್ಲಿ ಮನೆಗೆ ಬಂದರೂ, ನಾನು ಬಾಗಿಲು ತೆರೆದ ಸದ್ದಾದರೆ ಸಾಕು, "ಅಮ್ಮಾ ಎಲ್ಲಿಗೆ?" ಅಂತ ಕೇಳುತ್ತಿದ್ದಳು.

ಹಾಗೆ ಮಾಡಬೇಡಿ. ಹಾಸಿಗೆ ನೀವೇ ಹಾಸಿಕೊಡಿ, ಕಪಾಟು ಒಟ್ಟಿಗೆ ಜೋಡಿಸಿ. ಆಮೇಲೆ ಎದುರು ಕೂತು "ನಾವು ಈಗ ಹೊರಡುತ್ತೇವೆ" ಅನ್ನಿ. ಅತ್ತರೆ ಅಳಲಿ. ನಿಮಗೂ ಅಳು ಬಂದರೆ ಬರಲಿ. ಆದರೆ ಎರಡು ದಿನ ಗೆಸ್ಟ್‌ಹೌಸ್‌ನಲ್ಲಿ ಉಳಿದು ಇಣುಕಿ ನೋಡುವ ಕೆಲಸ ಬೇಡವೇ ಬೇಡ.

"ಬೇಗ ಬರುತ್ತೇವೆ" ಅಂತಲೂ ಹೇಳಬೇಡಿ. ಬೇಗ ಅಂದರೆ ಹನ್ನೊಂದು ವರ್ಷದವನಿಗೆ ನಾಳೆ. ಅಲ್ಲಿ ಮೂರು ತಿಂಗಳು ಶಾಲೆ, ಒಂದು ತಿಂಗಳು ಮನೆ. ಏಪ್ರಿಲ್, ಆಗಸ್ಟ್, ಡಿಸೆಂಬರ್ ರಜೆ. ಊರಿಂದ ಒಂದು ಕನ್ನಡ ಕ್ಯಾಲೆಂಡರ್ ಒಯ್ಯಿರಿ. ಕರೆದುಕೊಂಡು ಹೋಗುವ ತಾರೀಕಿಗೆ ಮಗುವಿನ ಕೈಯಿಂದಲೇ ಸುತ್ತು ಹಾಕಿಸಿ. ಆ ತಾರೀಕು ಮಾತ್ರ ತಪ್ಪಿಸಬೇಡಿ. ಕಿಸುಮುವಿನಿಂದ ನಮಗೆ ಸುಮಾರು 300 ಕಿಲೋಮೀಟರ್ ದಾರಿ. ಒಮ್ಮೆ ಮಳೆಗೆ ಟ್ರಾಫಿಕ್ ನಿಂತು ರಾತ್ರಿ ಎಂಟಕ್ಕೆ ತಲುಪಿದೆವು. ಅವಳು ಪೆಟ್ಟಿಗೆಯ ಮೇಲೆ ಶೂ ಹಾಕಿಕೊಂಡೇ ಕೂತಿದ್ದಳು. "ಇವತ್ತೇ ಅಲ್ವಾ, ಬರ್ತೀರಿ ಅಂತ ಗೊತ್ತಿತ್ತು" ಅಂದಳು.

ಇದನ್ನೆಲ್ಲ ನಾವು ಮಂಗಳೂರಿನವರು ಯಾರಿಂದಲೋ ಕಲಿಯಬೇಕಾಗಿಲ್ಲ. 1834ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದರು. ಅವರ ಪ್ರೆಸ್ಸು, ಹೆಂಚಿನ ಕಾರ್ಖಾನೆ, ಶಾಲೆ ಎಲ್ಲ ನಮಗೆ ನೆನಪಿದೆ. ಅವರ ಮಕ್ಕಳು ಎಲ್ಲಿ ಬೆಳೆದರು ಅಂತ ಯಾರೂ ಕೇಳುವುದಿಲ್ಲ. ಶಾಲೆಯ ವಯಸ್ಸಿಗೆ ಬಂದವರನ್ನು ಯುರೋಪಿಗೆ ಕಳಿಸಿಬಿಡುತ್ತಿದ್ದರು. ಬಾಸೆಲ್‌ನಲ್ಲಿ ಇದಕ್ಕಾಗಿಯೇ ಒಂದು ಮಕ್ಕಳ ಮನೆ ಇತ್ತು. ತಲಶ್ಶೇರಿಯಲ್ಲಿದ್ದ ಮಿಷನರಿ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ. ಇನ್ನೂ ನಾಲ್ಕೈದು ವರ್ಷದವಳಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ತಿರುಗಿ ಇಂಡಿಯಾಕ್ಕೆ ಬಂದದ್ದು 1857ರಲ್ಲಿ. ಸೂಯೆಜ್ ಕಾಲುವೆ ಆಗಿನ್ನೂ ತೋಡಿರಲಿಲ್ಲ, ಒಂದು ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ. ನನಗೆ ಕಷ್ಟ ಅನ್ನಿಸಿದಾಗೆಲ್ಲ ಆ ತಾಯಿ ನೆನಪಾಗುತ್ತಾರೆ. ಸಮಾಧಾನವೇನೂ ಆಗುವುದಿಲ್ಲ, ಸುಮ್ನೆ ನೆನಪಾಗುತ್ತಾರೆ.

ಕಿಜಾಬೆಯ ರಿಫ್ಟ್ ವ್ಯಾಲಿ ಅಕಾಡೆಮಿಯೂ ಮಿಷನರಿಗಳ ಮಕ್ಕಳಿಗಾಗಿಯೇ 1906ರಲ್ಲಿ ಶುರುವಾದದ್ದು. ಮಕ್ಕಳು ಯುರೋಪ್, ಅಮೆರಿಕಾಕ್ಕೆ ಹೋಗದೆ ಅಪ್ಪ ಅಮ್ಮ ಇರುವ ಖಂಡದಲ್ಲೇ ಓದಲಿ ಅಂತ. 1909ರಲ್ಲಿ ಅದರ ಕಟ್ಟಡವೊಂದಕ್ಕೆ ಥಿಯೋಡರ್ ರೂಸ್‌ವೆಲ್ಟ್ ಕಲ್ಲಿಟ್ಟಿದ್ದರು. ಮಕ್ಕಳು ಈ ಕತೆಯನ್ನು ನಿಮಗೆ ಹತ್ತು ಸಲ ಹೇಳುತ್ತಾರೆ, ಗೊತ್ತಿಲ್ಲದವರ ಹಾಗೆ ಕೇಳಿ.

ಫೋನ್ ದಿನಾ ಬೇಡ. ನಾವು ಭಾನುವಾರ ಸಂಜೆ ಏಳಕ್ಕೆ ಅಂತ ಇಟ್ಟುಕೊಂಡಿದ್ದೆವು. ಊರಿನಲ್ಲಿ ಆಗ ಒಂಬತ್ತೂವರೆ, ಅಜ್ಜ ಅಜ್ಜಿ ಮಲಗಿರುವುದಿಲ್ಲ. ನಮ್ಮದು ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಎರಡನೇ ವರ್ಷದಿಂದ ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷ್‌ನಲ್ಲಿ ಉತ್ತರ ಕೊಡಲು ಶುರುಮಾಡಿದಳು. ಗದರಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಅಜ್ಜ ವಾರಕ್ಕೊಂದು ಕನ್ನಡ ಕಾಗದ ಬರೆದು, ಫೋಟೋ ತೆಗೆದು ಕಳಿಸಿದರು. ಹಲಸಿನ ಮರದಲ್ಲಿ ಎಷ್ಟು ಕಾಯಿ, ನಾಯಿ ಯಾರನ್ನು ಅಟ್ಟಿಸಿಕೊಂಡು ಹೋಯಿತು, ಇಷ್ಟೇ. ಕನ್ನಡ ಓದು ಉಳಿದದ್ದು ಆ ನಾಯಿಯಿಂದ.

'ತರ್ಡ್ ಕಲ್ಚರ್ ಕಿಡ್' ಅನ್ನುವ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ಅಪ್ಪ ಅಮ್ಮನ ಊರಿಗೂ ಇರುವ ಊರಿಗೂ ಪೂರಾ ಸೇರದ ಮಕ್ಕಳು ಅಂತ. ರೂತ್ ಯೂಸಿಮ್ ಅನ್ನುವ ಸಮಾಜಶಾಸ್ತ್ರಜ್ಞೆ 1950ರ ದಶಕದಲ್ಲಿ ಇಂಡಿಯಾದಲ್ಲಿದ್ದ ಅಮೆರಿಕನ್ನರನ್ನು ನೋಡಿಯೇ ಈ ಹೆಸರು ಇಟ್ಟದ್ದು. ಹೆಸರು ಕೇಳಿ ಹೆದರಬೇಡಿ. ಮಗಳನ್ನು ಯಾರಾದರೂ "ಯಾವ ಊರು?" ಅಂತ ಕೇಳಿದರೆ ಮೊದಲು ಒಂದು ಸಲ ಉಸಿರು ಎಳೆದುಕೊಳ್ಳುತ್ತಾಳೆ, ಅಷ್ಟೇ.

ಕಾಲೇಜಿಗೆ ಊರಿಗೆ ಕಳಿಸುವ ಯೋಚನೆ ಇದ್ದರೆ ವರ್ಷ ವರ್ಷದ ಅಂಕಪಟ್ಟಿ ಜೋಪಾನ. ಅಲ್ಲಿನದ್ದು ಅಮೆರಿಕದ ಪಠ್ಯಕ್ರಮ, ಇಲ್ಲಿ ಎಐಯು, ಅಂದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಕೊಡುವ ಸಮಾನತಾ ಪತ್ರ ಕೇಳುತ್ತಾರೆ. ಮೆಡಿಕಲ್ ಆಸೆ ಇದ್ದರೆ ಕೊನೆಯ ಎರಡು ವರ್ಷ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ತೆಗೆದುಕೊಳ್ಳುವಂತೆ ಮೊದಲೇ ಮಾತಾಡಿಡಿ.

ಊರಿಗೆ ಬರಲು ಏಪ್ರಿಲ್ ರಜೆಯೇ ಒಳ್ಳೆಯದು. ಅಲ್ಲಿ ಮಳೆ, ಇಲ್ಲಿ ಮಾವು. ಕೆನ್ಯಾದಿಂದ ಇಂಡಿಯಾಕ್ಕೆ ಬರುವವರ ಕೈಯಲ್ಲಿ ಯೆಲ್ಲೋ ಫೀವರ್ ಲಸಿಕೆಯ ಹಳದಿ ಕಾರ್ಡ್ ಇರಬೇಕು. ಲಸಿಕೆ ಹಾಕಿಸಿ ಹತ್ತು ದಿನ ಕಳೆದಿರಬೇಕು. ಇಲ್ಲದಿದ್ದರೆ ಏರ್‌ಪೋರ್ಟಿನಿಂದ ನೇರ ಕ್ವಾರಂಟೈನ್‌ಗೆ, ಆರು ದಿನದವರೆಗೂ. ನಾನೊಮ್ಮೆ ಮೂವರ ಕಾರ್ಡನ್ನೂ ದೊಡ್ಡ ಪೆಟ್ಟಿಗೆಯೊಳಗೆ ಹಾಕಿ, ಮುಂಬೈಯಲ್ಲಿ ಕೌಂಟರಿನ ಮುಂದೆ ಬೆಪ್ಪಾಗಿ ನಿಂತಿದ್ದೆ. ಮಗಳು ತನ್ನ ಫೋನಿನಲ್ಲಿದ್ದ ಫೋಟೋ ತೋರಿಸಿ, ಇನ್ನೊಬ್ಬರನ್ನು ಪೆಟ್ಟಿಗೆ ತರಲು ಕಳಿಸಿ, ಪಾರುಮಾಡಿದಳು. ಕಾರ್ಡ್ ಕೈಚೀಲದಲ್ಲೇ ಇರಲಿ.