ಜೆಟ್ ಫೋಟೋಗೆ ಒಂದು ಸಲಹೆ: ಮೊದಲು ಕಾಲು ಸರಿಯಾಗಿ ಇಡಿ

ಏರ್ ಶೋನಲ್ಲಿ ಜೆಟ್ ಹಿಡಿಯುವಾಗ ಪಾದಗಳು ವಿಮಾನ ಬರುವ ದಿಕ್ಕಿಗೆ ಬೇಡ, ಅದು ನಿಮಗೆ ಅತಿ ಹತ್ತಿರ ಹಾದುಹೋಗುವ ಜಾಗದ ಕಡೆಗಿರಲಿ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ತಿರುಗಿ, ವಿಮಾನ ಇನ್ನೂ ಚುಕ್ಕೆಯಂತಿರುವಾಗಲೇ ಜೂಮ್ ಕಡಿಮೆ ಇಟ್ಟುಕೊಂಡು ಫ್ರೇಮಿಗೆ ತಗೊಳ್ಳಿ, ಕಂಟಿನ್ಯುಯಸ್ ಫೋಕಸ್‌ನಲ್ಲಿ (ಚಲಿಸುವ ವಸ್ತುವಿಗೆ ಕ್ಯಾಮೆರಾ ತಾನೇ ಫೋಕಸ್ ಹೊಂದಿಸುತ್ತಾ ಹೋಗುವ ಮೋಡ್) ಕ್ಲಿಕ್ ಬಟನ್ ಅರ್ಧ ಒತ್ತಿ ಹಿಡಿದು, ಜೂಮ್ ಮಾಡುತ್ತಾ ಅದರ ಜೊತೆಗೇ ತಿರುಗುತ್ತಾ ಬನ್ನಿ. ದೂರದಲ್ಲಿರುವಾಗ ವಿಮಾನ ನಿಧಾನಕ್ಕೆ ಸರಿಯುವ ಹಾಗೆ ಕಾಣುತ್ತದೆ, ಎದುರಿಗೆ ಬಂದಾಗಲೇ ನಾವು ಅತಿ ಜೋರಾಗಿ ತಿರುಗಬೇಕು, ಆ ಕ್ಷಣಕ್ಕೆ ಮೈ ಸಡಿಲವಾಗಿರಬೇಕು ಅಲ್ವಾ? ಕ್ಲಿಕ್ ಆದಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಯ ಸೂರ್ಯಕಿರಣ್ ಕಸರತ್ತು ತಂಡದ ಹಾಕ್ ಜೆಟ್‌ಗಳಿಗೆ 1/1600 ಸೆಕೆಂಡಿನ ಆಸುಪಾಸಿನ ಶಟರ್ ವೇಗ ಸಾಕು. ವಾಯುಪಡೆಯದೇ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಬಂದಾಗ ಮಾತ್ರ 1/250ಕ್ಕೆ ಇಳಿಸಿ, ಇಲ್ಲದಿದ್ದರೆ ಮೇಲೆ ತಿರುಗುವ ರೆಕ್ಕೆಗಳು ಫೋಟೋದಲ್ಲಿ ಅಲ್ಲಾಡದೆ ನಿಂತು ಆಟಿಕೆ ನೇತುಹಾಕಿದ ಹಾಗೆ ಕಾಣುತ್ತದೆ. ಆಕಾಶ ತುಂಬ ಬೆಳ್ಳಗಿದ್ದರೆ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) ಸ್ವಲ್ಪ ಏರಿಸಿ, ಸುಮ್ನೆ ಆಟೋಗೆ ಬಿಟ್ಟರೆ ವಿಮಾನದ ಹೊಟ್ಟೆ ಕಪ್ಪಾಗುತ್ತದೆ. ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ತಲೆಯ ಮೇಲೇ ಹಾದುಹೋದರೆ ಸೊಂಟ ಏನೂ ಮಾಡಲಾರದು. ಎದುರುಬದುರಾಗಿ ಎರಡು ಜೆಟ್ ದಾಟುವಾಗ ಒಂದನ್ನೇ ಹಿಂಬಾಲಿಸಿ, ಇನ್ನೊಂದು ಸಿಕ್ಕರೆ ಅದೃಷ್ಟ. ಮಧ್ಯಾಹ್ನ ರನ್‌ವೇ ಮೇಲಿನ ಬಿಸಿಗಾಳಿ ನಡುಗುವಾಗ, ಎಷ್ಟೇ ದುಬಾರಿ ಲೆನ್ಸ್ ಇದ್ದರೂ ದೂರದ ಚಿತ್ರ ಮಸುಕೇ; ಸಾಧ್ಯವಾದರೆ ಬೆಳಗಿನ ಪ್ರದರ್ಶನ ನೋಡಿಕೊಳ್ಳಿ.