ಹುಲ್ಲುಗುಡ್ಡದ ಮೇಲೆ ಟೆಂಟ್ ಹಾಕುವುದನ್ನು ನಾನು ಕಲಿತ ಬಗೆ

ನಾನು ಮೊದಲ ಬಾರಿ ಟೆಂಟ್ ಹಾಕಿದ್ದು ಮೂಡಿಗೆರೆ ತಾಲ್ಲೂಕಿನಲ್ಲಿ, ಗೆಳೆಯನ ಮಾವನವರ ಕಾಫಿ ತೋಟದ ಮೇಲಿರುವ ಹುಲ್ಲುಗುಡ್ಡದಲ್ಲಿ, ಒಂದು ನವೆಂಬರ್ ತಿಂಗಳಿನಲ್ಲಿ. ಸುತ್ತಲಿನ ಹುಲ್ಲು ಆಗಲೇ ಒಣಗಿ ಕೆಂಪಾಗತೊಡಗಿದ್ದರೂ ಒಂದು ಕಡೆ ಮಾತ್ರ ಬಾಣಲೆಯಂತೆ ತುಸು ತಗ್ಗಾಗಿದ್ದ ಜಾಗದಲ್ಲಿ ಎಳೆ ಹಸಿರು ಹುಲ್ಲು ಹಾಸಿಗೆಯಂತೆ ಬೆಳೆದಿತ್ತು. ಮಲಗಲು ಅದಕ್ಕಿಂತ ಒಳ್ಳೆಯ ಜಾಗ ಇರಲಾರದೆಂದು ಅಲ್ಲಿಯೇ ಟೆಂಟ್ ಬಿಚ್ಚಿದೆ. ನಮ್ಮನ್ನು ಮೇಲೆ ಕರೆತಂದಿದ್ದ, ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಅದನ್ನು ನೋಡಿ, "ಅಲ್ಲಿ ಬೇಡ ಸಾರ್, ನೀರು ನಿಲ್ಲೋದ್ರಿಂದಲೇ ಅಲ್ಲಿ ಹುಲ್ಲು ಹಸಿರಾಗಿರೋದು" ಎಂದರು. ಮಳೆಗಾಲ ಮುಗಿಯಿತಲ್ಲ ಎಂದುಕೊಂಡು ನಾನು ಅವರ ಮಾತನ್ನು ನಡೆಸಲಿಲ್ಲ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಿಂಗಾರಿನ ಒಂದು ಮಳೆ ಮುಕ್ಕಾಲು ಗಂಟೆ ಸುರಿಯಿತು. ನಮ್ಮ ಸ್ಲೀಪಿಂಗ್ ಬ್ಯಾಗ್‌ಗಳು ಮೇಲಿನಿಂದಲ್ಲ, ಕೆಳಗಿನಿಂದ ನೆನೆದವು.

ಬೆಳಿಗ್ಗೆ ಟೆಂಟ್ ಎತ್ತಿ ನೋಡಿದಾಗ ಕಾರಣ ಎರಡು ಎಂದು ತಿಳಿಯಿತು. ಸುತ್ತಲಿನ ಇಳಿಜಾರಿನ ನೀರೆಲ್ಲ ಆ ತಗ್ಗಿಗೆ ಬಂದು ಸೇರಿತ್ತು ಎಂಬುದು ಒಂದು. ಇನ್ನೊಂದು, ನೆಲ ತಣ್ಣಗಿರುತ್ತದೆಂದು ನಾನು ಟೆಂಟ್‌ನ ಅಡಿ ಹಾಸಿದ್ದ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಒಂದೊಂದು ಗೇಣು ಹೊರಗೆ ಚಾಚಿಕೊಂಡಿತ್ತು. ಟೆಂಟ್‌ನ ಮೈಮೇಲಿಂದ ಇಳಿದ ನೀರನ್ನು ಆ ಹಾಳೆ ಹಿಡಿದುಕೊಂಡು ನೇರವಾಗಿ ನಮ್ಮ ಬೆನ್ನಿನಡಿಗೆ ತಂದಿತ್ತು. ಅಂದಿನಿಂದ ಅಡಿಹಾಳೆಯನ್ನು ಟೆಂಟ್‌ನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಾಗಿಯೇ ಕತ್ತರಿಸಿಟ್ಟುಕೊಂಡಿದ್ದೇನೆ.

ಈಗ ಟೆಂಟ್ ನಿಲ್ಲಿಸಲು ನನಗೆ ಹದಿನೈದು ನಿಮಿಷ ಸಾಕು, ಆದರೆ ಜಾಗ ಹುಡುಕಲು ಅರ್ಧ ಗಂಟೆಯಾದರೂ ಬೇಕು, ಮತ್ತು ಆ ಅರ್ಧ ಗಂಟೆ ಬೆಳಕಿರುವಾಗಲೇ ಸಿಗಬೇಕು. ಆದ್ದರಿಂದ ಸಂಜೆ ನಾಲ್ಕೂವರೆಯ ಒಳಗೆ ನಡಿಗೆ ನಿಲ್ಲಿಸುತ್ತೇನೆ. ಮೊದಲು ನೋಡುವುದು ನೀರಿನ ಗುರುತುಗಳನ್ನು: ಒಂದೇ ದಿಕ್ಕಿಗೆ ಬಾಗಿ ಮಲಗಿದ ಹುಲ್ಲು, ಸಾಲಾಗಿ ನಿಂತ ತರಗೆಲೆ, ಮೇಲೆ ಕೆನೆಗಟ್ಟಿ ಬಿರಿದ ಮಣ್ಣು. ಇವು ಕಂಡ ಕಡೆ ನೀರು ಹರಿದಿದೆ, ಮತ್ತೆ ಹರಿಯುತ್ತದೆ. ಮಳೆ ಇಲ್ಲದ ತಿಂಗಳಿನಲ್ಲಿಯೂ ನಾನು ತಗ್ಗನ್ನು ಬಿಡುತ್ತೇನೆ, ಏಕೆಂದರೆ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಗುಡ್ಡದಿಂದ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಇಬ್ಬನಿಯೂ ಅಲ್ಲಿಯೇ ಹೆಚ್ಚು. ನೆತ್ತಿಯ ಮೇಲೆ ಹಾಕಿದರೆ ಗಾಳಿಯ ಹೊಡೆತ. ನೆತ್ತಿಯಿಂದ ಹತ್ತಿಪ್ಪತ್ತು ಮೀಟರ್ ಕೆಳಗೆ, ಗಾಳಿಗೆ ಮರೆಯಾದ ಮಗ್ಗುಲಿನಲ್ಲಿ, ಬಹುತೇಕ ಸಮತಟ್ಟಾದ ತುಣುಕು ಸಿಕ್ಕರೆ ಅದು ನನ್ನ ಜಾಗ. ಘಟ್ಟದ ಅಂಚಿನಲ್ಲಿ ಡಿಸೆಂಬರ್, ಜನವರಿಗಳಲ್ಲಿ ಬೀಸುವುದು ಮೂಡಣ ಗಾಳಿ. ಬೇಸಿಗೆಯ ಸಂಜೆಗಳಲ್ಲಿ ಪಡುವಣ ಗಾಳಿ ಏರುತ್ತದೆ. ತಿಂಗಳು ನೋಡಿ ಮರೆ ಹುಡುಕಬೇಕು.

ಜಾಗ ಒಪ್ಪಿಗೆಯಾದ ಮೇಲೆ ಕಲ್ಲು, ಕಡ್ಡಿ ಹೆಕ್ಕಿ, ಅಡಿಹಾಳೆ ಹಾಸಿ, ಅದರ ಮೇಲೆ ಎರಡು ನಿಮಿಷ ಮಲಗಿ ನೋಡುತ್ತೇನೆ. ಕಣ್ಣಿಗೆ ಸಮತಟ್ಟಾಗಿ ಕಂಡ ನೆಲ ಬೆನ್ನಿಗೆ ಓರೆಯಾಗಿರುವುದು ಆಗ ಗೊತ್ತಾಗುತ್ತದೆ. ಸ್ವಲ್ಪ ಇಳಿಜಾರು ಇದ್ದರೆ ತಲೆ ಎತ್ತರದ ಕಡೆಗೆ ಬರಬೇಕು. ಅಡ್ಡಲಾಗಿ ಮಲಗಿದರೆ ರಾತ್ರಿಯಿಡೀ ಜಾರುತ್ತಿರಬೇಕಾಗುತ್ತದೆ.

ಮರದಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಬಲು ಪೆಡಸು. ಗಾಳಿಗೆ ಅದರ ಕೊಂಬೆಗಳು ಮುರಿದು ಬೀಳುವುದನ್ನು ಮಲೆನಾಡಿನವರೆಲ್ಲ ಕಂಡಿದ್ದಾರೆ. ಒಣಕೊಂಬೆ ಇರುವ ಯಾವ ಮರದ ಕೆಳಗೂ ನಾನು ಟೆಂಟ್ ಹಾಕುವುದಿಲ್ಲ. ಎರಡನೆಯದು ಉಣ್ಣೆ, ಎಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ, ಮತ್ತು ಅದರ ಕಾಲವಾದ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿಯೇ ನಾವು ಟೆಂಟ್ ಹೊತ್ತು ಹೋಗುವ ಕಾಲವೂ ಹೌದು. ತರಗೆಲೆ ದಪ್ಪಗೆ ಬಿದ್ದಿರುವ ಕಾಡಿನ ಅಂಚಿನಲ್ಲಿ ಮಲಗುವುದಾಗಲಿ, ಕೂರುವುದಾಗಲಿ ಸಲ್ಲದು. ಮಂಗ ಸತ್ತ ಸುದ್ದಿಯಿರುವ ಊರಿನ ಕಡೆಗೆ ಹೋಗಲೇಬಾರದು.

ಆನೆಯ ವಿಷಯದಲ್ಲಿ ನಾನು ನನ್ನ ಅನುಭವವನ್ನು ನೆಚ್ಚುವುದಿಲ್ಲ. ತೋಟದ ಕೆಲಸಗಾರರನ್ನು ಕೇಳುತ್ತೇನೆ. ಕಳೆದ ವಾರ ಯಾವ ದಾರಿಯಲ್ಲಿ ಆನೆ ಇಳಿಯಿತು, ಹಲಸು ಹಣ್ಣಾಗಿದೆಯೇ ಎಂಬುದು ಅವರಿಗೆ ಗೊತ್ತಿರುತ್ತದೆ. ಅವರು ಬೇಡವೆಂದರೆ ಅಂದಿನ ರಾತ್ರಿ ಮನೆಯ ಜಗಲಿಯಲ್ಲಿ. ಜಮೀನಿನವರ ಒಪ್ಪಿಗೆಯೂ ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಕ್ಕೆ ಅನುಮತಿ ಸಿಗುತ್ತದೆ, ರಾತ್ರಿ ಟೆಂಟ್ ಹಾಕಲು ಸಿಗುವುದಿಲ್ಲ. ಆ ನಿಯಮವನ್ನು ಮುರಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ನನ್ನದು ಇಬ್ಬರು ಮಲಗುವ, ಸುಮಾರು ಎರಡೂವರೆ ಕಿಲೋ ತೂಕದ, ಎರಡು ಕೋಲುಗಳು ನಡುವೆ ಒಂದನ್ನೊಂದು ದಾಟುವ ಸಾಮಾನ್ಯ ಗುಮ್ಮಟದಾಕಾರದ ಟೆಂಟ್. ಅದನ್ನು ನಿಲ್ಲಿಸುವುದರಲ್ಲಿ ಕಷ್ಟವೇನಿಲ್ಲ. ಗಾಳಿ ಇದ್ದರೆ ಮೊದಲು ಗಾಳಿಯ ಕಡೆಯ ಎರಡು ಮೂಲೆಗಳಿಗೆ ಗೂಟ ಹೊಡೆದು, ಅನಂತರ ಕೋಲು ಏರಿಸುತ್ತೇನೆ. ಕೋಲನ್ನು ಟೆಂಟ್‌ನ ಬಟ್ಟೆಗೆ ಹೊಲಿದಿರುವ ಕೊಳವೆಯಂಥ ತೋಳಿನೊಳಗೆ ತಳ್ಳಬೇಕು, ಎಳೆಯಬಾರದು. ಎಳೆದರೆ ಕೋಲಿನ ಒಳಗಿನ ರಬ್ಬರ್ ದಾರ ಹಿಗ್ಗಿ ಅದರ ತುಂಡುಗಳು ಬೇರ್ಪಡುತ್ತವೆ. ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು.

ಟೆಂಟ್‌ನ ನಿಜವಾದ ಬಲ ಗೂಟ ಮತ್ತು ಹಗ್ಗದಲ್ಲಿದೆ. ಗೂಟದ ತಲೆ ಟೆಂಟ್‌ನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟ್‌ನ ಕಡೆಗೆ. ಎಳೆಯುವ ಹಗ್ಗಕ್ಕೂ ಗೂಟಕ್ಕೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಕೋನ ಬಂದರೆ ಅದು ಕಿತ್ತು ಬರುವುದಿಲ್ಲ. ದನ ಕಟ್ಟುವ ಗೂಟವನ್ನು ನಮ್ಮ ಹಿರಿಯರು ಹೊಡೆಯುತ್ತಿದ್ದುದೂ ಹೀಗೆ ಹಸುವಿನಿಂದ ಆಚೆಗೆ ವಾಲಿಸಿಯೇ. ಜಂಬಿಟ್ಟಿಗೆ ನೆಲದಲ್ಲಿ ತೆಳ್ಳನೆಯ ಅಲ್ಯೂಮಿನಿಯಂ ಗೂಟ ಬಾಗುತ್ತದೆಯೇ ಹೊರತು ಇಳಿಯುವುದಿಲ್ಲ. ಅಲ್ಲಿ ಹಗ್ಗವನ್ನು ಒಂದು ಗೇಣುದ್ದದ ಕೋಲಿಗೆ ಕಟ್ಟಿ, ಕೋಲನ್ನು ನೆಲಕ್ಕೆ ಒತ್ತಿ, ಅದರ ಮುಂದೆ, ಎಂದರೆ ಟೆಂಟ್‌ನ ಕಡೆಗೆ, ಭಾರವಾದ ಕಲ್ಲನ್ನು ಇಡುತ್ತೇನೆ. ಎಳೆತ ಹೆಚ್ಚಿದಷ್ಟೂ ಕೋಲು ಕಲ್ಲಿಗೆ ಒತ್ತಿಕೊಳ್ಳುತ್ತದೆ. ಸಡಿಲ ಮಣ್ಣಿನಲ್ಲಿ ಬಿದಿರು ಸೀಳಿ ಮಾಡಿದ ಒಂದೂವರೆ ಗೇಣಿನ ಗೂಟ ಅಂಗಡಿಯದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ.

ಹಗ್ಗಕ್ಕೆ ನಾನು ಹಾಕುವ ಗಂಟು ಇದು: ತುದಿಯನ್ನು ಗೂಟದ ಸುತ್ತ ತಂದು, ಬಿಗಿಯಾದ ಹಗ್ಗಕ್ಕೆ ಕುಣಿಕೆಯ ಒಳಗಡೆ ಎರಡು ಸುತ್ತು ಹಾಕಿ, ಕುಣಿಕೆಯ ಹೊರಗೆ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ ಎಳೆಯುವುದು. ಕೈಯಿಂದ ಸರಿಸಿದರೆ ಗಂಟು ಸರಿಯುತ್ತದೆ, ಹಗ್ಗ ಎಳೆದಾಗ ಕಚ್ಚಿಕೊಳ್ಳುತ್ತದೆ. ಇದು ಏಕೆ ಮುಖ್ಯವೆಂದರೆ, ನೈಲಾನ್ ಬಟ್ಟೆ ಒದ್ದೆಯಾದಾಗ ಹಿಗ್ಗುತ್ತದೆ. ಸಂಜೆ ಡೊಳ್ಳಿನಂತೆ ಬಿಗಿಯಾಗಿದ್ದ ಹೊರಹೊದಿಕೆ ಇಬ್ಬನಿ ಬಿದ್ದ ಮೇಲೆ ಜೋಲುತ್ತದೆ. ಜೋತ ಹೊದಿಕೆ ಒಳಬಟ್ಟೆಯನ್ನು ಮುಟ್ಟಿದ ಕಡೆಯಲ್ಲೆಲ್ಲ ತೇವ ಒಳಗಿಳಿಯುತ್ತದೆ. ಮಲಗುವ ಮುಂಚೆ ಒಮ್ಮೆ ಹೊರಬಂದು ಪ್ರತಿಯೊಂದು ಗಂಟನ್ನೂ ಸರಿಸಿ ಬಿಗಿ ಮಾಡಲು ನನಗೆ ಮೂರು ನಿಮಿಷ ಹಿಡಿಯುತ್ತದೆ.

ಚಳಿಯೆಂದು ಎಲ್ಲ ಗಾಳಿಕಿಂಡಿಗಳನ್ನೂ ಮುಚ್ಚಿಕೊಂಡ ರಾತ್ರಿಗಳಲ್ಲಿ ಬೆಳಿಗ್ಗೆ ಹೊದಿಕೆಯ ಒಳಮೈ ತೊಟ್ಟಿಕ್ಕುತ್ತಿತ್ತು. ಟೆಂಟ್ ಸೋರಿತೆಂದು ನಾನು ಬಹಳ ದಿನ ತಿಳಿದಿದ್ದೆ. ಅದು ನಮ್ಮಿಬ್ಬರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು. ಮೇಲಿನ ಕಿಂಡಿಯನ್ನೂ ಬಾಗಿಲಿನ ಕೆಳಗಿನ ಒಂದು ಗೇಣನ್ನೂ ತೆರೆದಿಡತೊಡಗಿದ ಮೇಲೆ ಬಹುಪಾಲು ಕಡಿಮೆಯಾಯಿತು.

ಮನೆಗೆ ಬಂದ ದಿನವೇ, ಎಷ್ಟೇ ದಣಿದಿದ್ದರೂ, ಟೆಂಟ್ ಬಿಚ್ಚಿ ನೆರಳಿನಲ್ಲಿ ಹರಡುತ್ತೇನೆ. ತೇವದಲ್ಲಿಯೇ ಮಡಿಸಿಟ್ಟರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ನೀರು ತಡೆಯುವ ಒಳಲೇಪ ಅಂಟಂಟಾಗಿ ಕಳಚುತ್ತದೆ. ಅದು ಒಣಗುವಷ್ಟರಲ್ಲಿ ಗೂಟಗಳ ಮಣ್ಣು ತೊಳೆದು, ಬಾಗಿದವನ್ನು ಕಲ್ಲಿನ ಮೇಲಿಟ್ಟು ನೇರ ಮಾಡಿ, ಎಣಿಸಿ ಚೀಲಕ್ಕೆ ಹಾಕುತ್ತೇನೆ.